ಗಡ್ಡಿ ಅನ್ನುವ ಒಂದೇ ಪದ

ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಅಡ್ಡಲಾಗಿ ಮಲಗಿರುವ ಅಂಗವೊಂದಿದೆ. ಉದ್ದದಲ್ಲಿ ಒಂದು ಗೇಣಿಗೂ ಕಡಿಮೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದರ ಹೆಸರು ಮೇದೋಜೀರಕ ಗ್ರಂಥಿ. ಆಳಂದದ ರೋಗಿ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದರೆ ಅದೇ ಅಂಗ ಸ್ವಾದುಪಿಂಡವಾಗುತ್ತದೆ. ಜೇವರ್ಗಿಯವರು ಹೈದರಾಬಾದಿಗೆ ಹೋದರೆ ತೆಲುಗು ನರ್ಸ್ ಅದನ್ನು ಕ್ಲೋಮ ಅನ್ನುತ್ತಾಳೆ, ಪಕ್ಕದ ಮಂಚದ ಉರ್ದು ಬಲ್ಲ ಹಿರಿಯರು ಲಬ್ಲಬಾ ಅನ್ನುತ್ತಾರೆ. ಹಿಂದಿಯಲ್ಲಿ ಬರುವ ಔಷಧಿ ಚೀಟಿಗಳಲ್ಲಿ ಅಗ್ನ್ಯಾಶಯ. ಎಲ್ಲ ಕಡೆಯೂ ವೈದ್ಯರು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದು ಪ್ಯಾಂಕ್ರಿಯಾಸ್.

ಇಷ್ಟು ಹೆಸರುಗಳಿದ್ದರೂ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಅದಕ್ಕೆ ಮನೆಮಾತಿನ ಹೆಸರಿಲ್ಲ. ಕರುಳಿಗಿದೆ, ಗುಂಡಿಗೆಗಿದೆ, ಪಿತ್ತಕ್ಕಿದೆ. ಖಾಟಿಕರ ಅಂಗಡಿಯಲ್ಲಿ ಕಲೇಜಿ, ಗುರ್ದಾ, ಬೋಟಿ ಬೇರೆಬೇರೆಯಾಗಿ ಸಿಗುತ್ತವೆ. ಇದನ್ನು ಮಾತ್ರ ಯಾರೂ ಹೆಸರು ಹಿಡಿದು ಕೇಳಿದ್ದನ್ನು ನಾನು ಕಂಡಿಲ್ಲ. ನೋವು ಬಂದಾಗಲೂ ಅದು ಹೊಟ್ಟೆನೋವೋ ಬೆನ್ನುನೋವೋ ಆಗಿ ಬರುತ್ತದೆ, ತನ್ನ ಹೆಸರಿನಲ್ಲಿ ಬರುವುದಿಲ್ಲ. ಹೀಗೆ ಹೆಸರಿಲ್ಲದ ಅಂಗದಲ್ಲಿ, ವಯಸ್ಸಾದವರೊಬ್ಬರಿಗೆ, ‘ಏನೋ ಇದೆ’ ಎಂದು ಕಾಗದದ ಮೇಲೆ ಬರೆದು ಕೊಟ್ಟರೆ ಏನಾಗುತ್ತದೆ ಎಂಬುದು ನನ್ನನ್ನು ಈ ಚರಿತ್ರೆಯ ಕಡೆಗೆ ತಳ್ಳಿತು.

ನನ್ನ ಸೋದರಮಾವನಿಗೆ ಆಗ 76 ವರ್ಷ. ಮೂತ್ರಪಿಂಡದ ಹರಳಿಗೆಂದು ಗಡಿಯಾಚೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿ.ಟಿ. ಮಾಡಿಸಿದ್ದರು. ಹರಳು ಸಣ್ಣದು, ತಾನಾಗಿ ಹೋಯಿತು. ವರದಿಯ ಕೊನೆಯಲ್ಲಿ ಮಾತ್ರ ಇನ್ನೊಂದು ಸಾಲಿತ್ತು: ಮೇದೋಜೀರಕದಲ್ಲಿ 11 ಮಿಲಿಮೀಟರಿನ ಸಿಸ್ಟ್. ಅದನ್ನು ಓದಿ ಹೇಳಿದ ಹುಡುಗ ಮರಾಠಿಯಲ್ಲಿ ಸ್ವಾದುಪಿಂಡ ಎಂದ, ಆಮೇಲೆ ಕನ್ನಡದಲ್ಲಿ ಗಡ್ಡಿ ಎಂದ. ಮಾಮ ರಾತ್ರಿ ಫೋನು ಮಾಡಿದರು. “ತಮ್ಮಾ, ನನಗ ಸ್ವಾದುಪಿಂಡದಾಗ ಗಡ್ಡಿ ಆಗ್ಯಾದಂತ. ಅದು ಎಲ್ಲಿರ್ತದೋ? ಗಂಡಸರಿಗೂ ಇರ್ತದೇನು?” ಮೇದೋಜೀರಕ ಎಂದು ನಾನು ಹೇಳಿದಾಗ ಅವರಿಗೆ ಅದು ಜೀರಿಗೆಯಂತೆ ಕೇಳಿಸಿತು. ಎರಡು ದಿನದಲ್ಲಿ ಬೀಗರೊಬ್ಬರು ಬಂದು, ಗಡ್ಡಿ ಅಂದಮೇಲೆ ಅದೇ, ತಡ ಮಾಡಬ್ಯಾಡ್ರಿ ಎಂದು ಹೇಳಿ ಹೋದರು. ‘ಅದೇ’ ಎಂದರೆ ಏನೆಂದು ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ತೊಗರಿ ಬೆಳೆಯುವ ಎರಡು ಎಕರೆಗೆ ಗಿರಾಕಿ ಹುಡುಕುವ ಮಾತೂ ಆಯಿತು.

ಗಡ್ಡೆ ಎಂಬ ಪದದ ತೊಂದರೆ ಇದೇ. ನೆಲದೊಳಗಿನ ಗೆಣಸೂ ಗಡ್ಡೆ, ಚರ್ಮದಡಿಯ ಕೊಬ್ಬಿನ ಉಂಡೆಯೂ ಗಡ್ಡೆ, ಗರ್ಭಕೋಶದ ಫೈಬ್ರಾಯಿಡ್ ಗಡ್ಡೆ, ಕ್ಯಾನ್ಸರೂ ಗಡ್ಡೆ. ಸಿಸ್ಟ್ ಎಂದರೆ ಒಳಗೆ ನೀರೋ ಲೋಳೆಯೋ ತುಂಬಿದ ಚೀಲ. ನೀರುಗುಳ್ಳೆ ಅನ್ನಬಹುದಿತ್ತು. ಆದರೆ ಯಾರೂ ಅನ್ನುವುದಿಲ್ಲ, ಏಕೆಂದರೆ ಗುಳ್ಳೆ ಎಂಬ ಮಾತಿಗೆ ಆಸ್ಪತ್ರೆಯ ತೂಕವಿಲ್ಲ.

ಪದಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು, ಅದು ನಮ್ಮ ಭಾಗದ ಚರಿತ್ರೆಯೂ ಹೌದು. ಈ ಮೂರು ತಾಲ್ಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾದದ್ದು ಉರ್ದು ಮಾಧ್ಯಮದಲ್ಲಿ. ಅದಕ್ಕೆಂದೇ ಅನುವಾದ ಶಾಖೆಯೊಂದನ್ನು ತೆರೆದು, ವಿಜ್ಞಾನ, ವೈದ್ಯಕೀಯದ ಪುಸ್ತಕಗಳನ್ನು ಉರ್ದುವಿಗೆ ತಂದರು. ಕಲಬುರಗಿಯ ರೋಗಿಗೆ ದೇಹದ ಒಳಭಾಗದ ಹೆಸರುಗಳು ಬಂದ ಒಂದು ದಾರಿ ಅದು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಹೋಳಾಯಿತು. ನೆರೆಯ ಉಸ್ಮಾನಾಬಾದ್ ಜಿಲ್ಲೆ ಮುಂಬೈ ರಾಜ್ಯಕ್ಕೆ ಹೋಯಿತು, ಕಲಬುರಗಿ ಮೈಸೂರಿಗೆ ಬಂತು. ರಾಜ್ಯ ಬದಲಾದರೂ ಆಸ್ಪತ್ರೆಯ ದಾರಿಗಳು ಬದಲಾಗಲಿಲ್ಲ. ಇವತ್ತಿಗೂ ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ, ದೊಡ್ಡ ಕಾಯಿಲೆ ಎಂದರೆ ಹೈದರಾಬಾದು. ಬೆಂಗಳೂರು ಆಮೇಲೆ.

ತೆಲುಗಿನ ಕ್ಲೋಮ ಚರಕ, ಸುಶ್ರುತರ ಸಂಹಿತೆಗಳಲ್ಲಿ ಬರುವ ಹಳೆಯ ಪದ. ಅದು ನಿಜಕ್ಕೂ ಯಾವ ಅಂಗ ಎಂಬುದರ ಮೇಲೆ ಆಯುರ್ವೇದದ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಪಿತ್ತಕೋಶ ಎಂದವರಿದ್ದಾರೆ, ಶ್ವಾಸನಾಳ ಎಂದವರಿದ್ದಾರೆ, ಮೇದೋಜೀರಕ ಎಂದವರೂ ಇದ್ದಾರೆ. ಮರಾಠಿಯ ಸ್ವಾದುಪಿಂಡದಲ್ಲಿ ಇಂಗ್ಲಿಷ್ ಕಟುಕರ ‘ಸ್ವೀಟ್‌ಬ್ರೆಡ್’ ಎಂಬ ಹೆಸರಿನ ನೆರಳಿದೆ ಎಂದು ನನ್ನ ಊಹೆ. ಕನ್ನಡದ್ದು ಮೇದಸ್ಸನ್ನು, ಅಂದರೆ ಕೊಬ್ಬನ್ನು, ಜೀರ್ಣಿಸುವುದು ಎಂಬ ಅರ್ಥದ ಪದ. ಇವುಗಳಲ್ಲಿ ಕೆಲಸವನ್ನು ಸರಿಯಾಗಿ ಹೇಳುವ ಹೆಸರು ನಮ್ಮದೇ, ಆದರೆ ಬಾಯಲ್ಲಿ ನಿಲ್ಲದ ಹೆಸರೂ ನಮ್ಮದೇ. ಗ್ರೀಕರ ಪ್ಯಾಂಕ್ರಿಯಾಸ್ ಎಂದರೆ ‘ಪೂರ್ತಿ ಮಾಂಸ’ ಎಂದಷ್ಟೇ. ಎಲುಬಿಲ್ಲ, ಮೆದ್ದೆಲುಬಿಲ್ಲ, ಬರೀ ಮಾಂಸ.

ಅದು ಮಾಡುವ ಕೆಲಸ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಎರಡನೇ ಶತಮಾನದ ಗ್ಯಾಲೆನ್ ಅದನ್ನು ಜಠರದ ಹಿಂದಿನ ರಕ್ತನಾಳಗಳಿಗೆ ಹಾಸಿದ ಮೆತ್ತೆ ಎಂದುಕೊಂಡಿದ್ದ. 1642ರಲ್ಲಿ ಪಡುವಾ ನಗರದಲ್ಲಿ ಯೋಹಾನ್ ಗಿಯಾರ್ಗ್ ವಿರ್ಸುಂಗ್ ಎಂಬಾತ, ಮರಣದಂಡನೆಗೆ ಒಳಗಾದವನೊಬ್ಬನ ದೇಹವನ್ನು ಕೊಯ್ಯುವಾಗ ಈ ಅಂಗದ ನಡುವೆ ಹಾದುಹೋಗುವ ನಾಳವನ್ನು ಕಂಡ. ತಾಮ್ರದ ಹಲಗೆಯ ಮೇಲೆ ಅದರ ಚಿತ್ರ ಕೊರೆಸಿ, ಅಚ್ಚು ತೆಗೆದು, ಯುರೋಪಿನ ಪಂಡಿತರಿಗೆ ಕಳಿಸಿ ಇದೇನೆಂದು ಕೇಳಿದ. ಮರುವರ್ಷ ತನ್ನ ಮನೆಯ ಬಳಿಯೇ ಗುಂಡೇಟಿಗೆ ಸತ್ತ. ಆ ನಾಳಕ್ಕೆ ಈಗಲೂ ಅವನದೇ ಹೆಸರು. ನಮ್ಮ ಕಥೆಗೆ ಈ ನಾಳ ಮುಖ್ಯ, ಏಕೆಂದರೆ ಮುದುಕರಲ್ಲಿ ಕಾಣುವ ಬಹಳಷ್ಟು ಸಿಸ್ಟ್‌ಗಳು ಇದರ ಕವಲುಗಳಲ್ಲಿ ಹುಟ್ಟುತ್ತವೆ.

ಮೇದೋಜೀರಕದ ಸಿಸ್ಟನ್ನು ಮೊದಲು ದಾಖಲಿಸಿದ ಕೀರ್ತಿಯನ್ನು ಸಾಮಾನ್ಯವಾಗಿ 1761ರಲ್ಲಿ ಪುಸ್ತಕ ಪ್ರಕಟಿಸಿದ ಮೊರ್ಗಾಗ್ನಿಗೆ ಕೊಡುತ್ತಾರೆ. ಅವನೂ ಪಡುವಾದವನೇ. ಆ ಕಾಲದಲ್ಲಿ ಅಂಥದ್ದು ತಿಳಿಯಬೇಕಾದರೆ ರೋಗಿ ಸಾಯಬೇಕಿತ್ತು, ಇಲ್ಲವೇ ಸಿಸ್ಟ್ ಹೊರಗಿನಿಂದಲೇ ಕೈಗೆ ಸಿಗುವಷ್ಟು ದೊಡ್ಡದಾಗಬೇಕಿತ್ತು. 1882ರಲ್ಲಿ ನ್ಯೂಯಾರ್ಕಿನ ನೇಥನ್ ಬೋಜ್‌ಮನ್ ಒಂದು ಶಸ್ತ್ರಕ್ರಿಯೆಯ ವರದಿ ಪ್ರಕಟಿಸಿದ. ಹೆಂಗಸೊಬ್ಬಳ ಹೊಟ್ಟೆ ಉಬ್ಬಿತ್ತು, ಅಂಡಾಶಯದ ಗಡ್ಡೆ ಎಂದುಕೊಂಡು ಕೊಯ್ದ. ಒಳಗೆ ಸಿಕ್ಕಿದ್ದು ಮೇದೋಜೀರಕದಿಂದ ಹೊರಟ ಚೀಲ, ತೂಕ ಇಪ್ಪತ್ತೂವರೆ ಪೌಂಡು, ನಮ್ಮ ಲೆಕ್ಕದಲ್ಲಿ ಒಂಬತ್ತು ಕಿಲೋಗೂ ಮೇಲೆ. ಆಕೆ ಬದುಕಿದಳು. ಒಂಬತ್ತು ಕಿಲೋ ಚೀಲಕ್ಕೂ ಮಾಮನ 11 ಮಿಲಿಮೀಟರಿಗೂ ನಡುವೆ ಬಂದದ್ದು ಯಂತ್ರ. ಲಂಡನ್ನಿನ ಹತ್ತಿರದ ವಿಂಬಲ್ಡನ್‌ನಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಸಿ.ಟಿ. ತೆಗೆದರು, ಅದು ತಲೆಯದು. ಕೆಲವೇ ವರ್ಷಗಳಲ್ಲಿ ಯಂತ್ರ ಹೊಟ್ಟೆಗೂ ಇಳಿಯಿತು. ಅಲ್ಲಿಂದ ಕಾಯಿಲೆಯಿಲ್ಲದವರ ಮೇದೋಜೀರಕವೂ ಚಿತ್ರದಲ್ಲಿ ಬೀಳತೊಡಗಿತು. ನಮ್ಮ ಊರುಗಳಿಗೆ ಬಂದ ಅಲ್ಟ್ರಾಸೌಂಡಿಗೆ ಅಷ್ಟು ಶಕ್ತಿಯಿಲ್ಲ, ಕರುಳಿನ ಗಾಳಿ ಅಡ್ಡ ಬಂದು ಈ ಅಂಗ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ.

ಚಿತ್ರ ಬಂದಮೇಲೆ ಹೆಸರು ಬೇಕಾಯಿತು. ಅಲ್ಲಿಯವರೆಗೆ ವೈದ್ಯರಿಗೂ ಇದೆಲ್ಲ ಬಹುಮಟ್ಟಿಗೆ ನಮ್ಮ ಗಡ್ಡಿಯಂತೆ ಒಂದೇ ಗುಂಪು. 1978ರಲ್ಲಿ ವಾಷಿಂಗ್ಟನ್ನಿನ ಸೇನಾ ರೋಗಶಾಸ್ತ್ರ ಸಂಸ್ಥೆಯ ಕಂಪ್ಯಾನೊ ಮತ್ತು ಎರ್ಟೆಲ್ ಎರಡು ಲೇಖನ ಬರೆದರು. ಒಂದರಲ್ಲಿ 34 ರೋಗಿಗಳು: ತೆಳುನೀರು ತುಂಬಿದ, ಜೇನುಗೂಡಿನಂಥ ಸಣ್ಣಸಣ್ಣ ಕೋಣೆಗಳ ಸಿಸ್ಟ್, ಕ್ಯಾನ್ಸರಿನ ಗೊಡವೆಗೆ ಹೋಗದಂಥದ್ದು. ಇನ್ನೊಂದರಲ್ಲಿ 41 ರೋಗಿಗಳು: ಲೋಳೆ ತುಂಬಿದ್ದು, ಇಂದು ಶಾಂತವಾಗಿದ್ದರೂ ನಾಳೆ ಕೆಡಬಹುದಾದದ್ದು. ಈ ಇಬ್ಬರ ಹೆಸರು ಪಠ್ಯಪುಸ್ತಕದ ಹೊರಗೆ ಯಾರಿಗೂ ಗೊತ್ತಿಲ್ಲ, ಆದರೆ ಗಡ್ಡಿ ಎಂಬ ಒಂದು ಪದವನ್ನು ಎರಡಾಗಿ ಸೀಳಿದ್ದು ಇವರು. 1982ರಲ್ಲಿ ಟೋಕಿಯೋದ ಓಹಾಶಿ ಮತ್ತು ಸಂಗಡಿಗರು ನಾಲ್ವರು ರೋಗಿಗಳ ಬಗ್ಗೆ ಬರೆದರು. ಅವರ ಮೇದೋಜೀರಕದ ನಾಳ ಲೋಳೆಯಿಂದ ಉಬ್ಬಿ, ಕರುಳಿಗೆ ತೆರೆಯುವ ಬಾಯಲ್ಲಿ ಆ ಲೋಳೆ ಜಿನುಗುತ್ತಿತ್ತು. ಇದು ಮೂರನೆಯ ಬಗೆ, ನಾಳದ್ದೇ ಬಗೆ, ಹೆಚ್ಚಾಗಿ ಅರವತ್ತು ದಾಟಿದವರದು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದಕ್ಕೊಂದು ಉದ್ದನೆಯ ಹೆಸರು ಕೊಟ್ಟಿತು, ಈಗ ವರದಿಗಳಲ್ಲಿ ಐಪಿಎಂಎನ್ ಎಂಬ ನಾಲ್ಕಕ್ಷರವಾಗಿ ಬರುತ್ತದೆ. ದೊಡ್ಡ ನಾಳದಲ್ಲಿದ್ದರೆ ಅಪಾಯ ಹೆಚ್ಚು, ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಕವಲುನಾಳದ ಸಣ್ಣದಾದರೆ ಬಹುತೇಕ ಸುಮ್ಮನೆ ಇದ್ದುಬಿಡುತ್ತದೆ. ಇವೆಲ್ಲ ಅಲ್ಲದೆ ಮೇದೋಜೀರಕ ಊದಿಕೊಂಡು ವಾಸಿಯಾದಮೇಲೆ ಉಳಿಯುವ ಸುಳ್ಳುಸಿಸ್ಟ್ ಎಂಬುದೂ ಉಂಟು, ಅದಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ.

ಇನ್ನು ಎಷ್ಟು ಜನರಲ್ಲಿ ಇದಿದೆ ಎಂಬ ಪ್ರಶ್ನೆ. ಜಪಾನಿನ ಕಿಮುರಾ ಮತ್ತು ಸಂಗಡಿಗರು 1995ರಲ್ಲಿ 300 ಶವಪರೀಕ್ಷೆಗಳ ಲೆಕ್ಕ ಕೊಟ್ಟರು. 73 ದೇಹಗಳಲ್ಲಿ ಮೇದೋಜೀರಕದ ಸಣ್ಣ ಸಿಸ್ಟ್‌ಗಳಿದ್ದವು, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ವಯಸ್ಸು ಹೆಚ್ಚಿದಂತೆ ಸಿಸ್ಟೂ ಹೆಚ್ಚು. ಒಳಪದರ ಕ್ಯಾನ್ಸರಿನ ಹೊಸ್ತಿಲಿಗೆ ಬಂದಿದ್ದುದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. 2008ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯವರು, ಬೇರೆ ಕಾರಣಕ್ಕೆ ತೆಗೆಸಿದ 2,832 ಸಿ.ಟಿ. ಚಿತ್ರಗಳನ್ನು ಮತ್ತೆ ನೋಡಿದರು. ಅಲ್ಲಿಯೂ ಸಿಸ್ಟ್ ಕಂಡದ್ದು 73 ಜನರಲ್ಲೇ, ಕಾಕತಾಳೀಯ. ಶೇಕಡಾ 2.6. ನಲವತ್ತರೊಳಗಿನವರಲ್ಲಿ ಒಂದೂ ಇಲ್ಲ, ಎಂಬತ್ತು ದಾಟಿದವರಲ್ಲಿ ಶೇಕಡಾ 8.7. ಚಾಕುವಿಗೆ 300ರಲ್ಲಿ ಕಂಡಷ್ಟು ಯಂತ್ರಕ್ಕೆ ಸುಮಾರು ಮೂರು ಸಾವಿರದಲ್ಲಿ ಕಂಡಿತು. ಯಂತ್ರದ ಕಣ್ಣು ಚುರುಕಾದಷ್ಟೂ ಈ ಅಂತರ ಕಿರಿದಾಗುತ್ತದೆ, ಸಿಸ್ಟಿರುವವರ ಸಂಖ್ಯೆ ಏರುತ್ತದೆ. ಮೊದಲೂ ಇದ್ದದ್ದೇ ಈಗ ಕಾಣುತ್ತಿದೆ. ಹೊಲದ ಕೆಲಸ ಮಾಡಿ ಎಂಬತ್ತಕ್ಕೆ ಬೇರೇನೋ ಆಗಿ ತೀರಿಕೊಂಡ ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಇದನ್ನು ಒಳಗಿಟ್ಟುಕೊಂಡೇ ಬದುಕಿರಬೇಕು.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮೇದೋಜೀರಕದ ಕ್ಯಾನ್ಸರು ಕಂಡ ಹೊತ್ತಿಗೆ ಬಹುತೇಕ ಕೈಮೀರಿರುತ್ತದೆ. ಅದಕ್ಕೆ ಮುನ್ನಿನ ಕಾಲ ಎಷ್ಟು ಉದ್ದ ಎಂಬುದಕ್ಕೆ 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು. ರೋಗಿಗಳ ಜೀವಕೋಶಗಳಲ್ಲಿ ಕೂಡಿಬಂದ ತಳಿಬದಲಾವಣೆಗಳನ್ನು ಎಣಿಸಿ ಹಿಂದಕ್ಕೆ ನಡೆದವರು, ಮೊದಲ ಕೆಡುಕಿನಿಂದ ಕ್ಯಾನ್ಸರಿನ ಮೂಲಕೋಶ ಹುಟ್ಟಲು ಕನಿಷ್ಠ ಹತ್ತು ವರ್ಷ, ಹರಡುವ ಶಕ್ತಿ ಬರಲು ಮತ್ತೈದು ವರ್ಷ, ಆಮೇಲೆ ರೋಗಿ ಬದುಕುವುದು ಸರಾಸರಿ ಎರಡು ವರ್ಷ ಎಂದರು. ಹದಿನೈದು ವರ್ಷ ಸದ್ದಿಲ್ಲ, ಎರಡು ವರ್ಷ ಗದ್ದಲ. ಹದಿನೈದರೊಳಗೆ ಹಿಡಿದರೆ ಗೆದ್ದಂತೆ ಎಂದು ಯಾರಿಗಾದರೂ ಅನಿಸುತ್ತದೆ. ಹಿಡಿಯಬೇಕಾದದ್ದು ಯಾವುದನ್ನು ಎಂಬಲ್ಲಿಯೇ ತೊಡಕು. ಹೆಚ್ಚಿನ ಮೇದೋಜೀರಕ ಕ್ಯಾನ್ಸರುಗಳು ಸಿಸ್ಟಿನಿಂದಲ್ಲ, ನಾಳದ ಒಳಪದರದಲ್ಲಿ ಯಾವ ಯಂತ್ರಕ್ಕೂ ಕಾಣದಷ್ಟು ಸಣ್ಣ ಬದಲಾವಣೆಗಳಿಂದ ಹುಟ್ಟುತ್ತವೆ. ಕಾಣುವ ಸಿಸ್ಟ್ ಬಹುಮಟ್ಟಿಗೆ ನಿರಪಾಯಿ, ಅಪಾಯದ್ದು ಬಹುಮಟ್ಟಿಗೆ ಕಾಣದ್ದು.

ಕ್ಯಾನ್ಸರಿಗೆ ಮುನ್ನಿನ ಸ್ಥಿತಿಯನ್ನು ಹಳ್ಳಿಹಳ್ಳಿಗೆ ಹೋಗಿ ಹುಡುಕುವುದು ಸಾರ್ಥಕವೇ ಎಂಬ ಪ್ರಶ್ನೆಗೆ ಜಗತ್ತಿಗೇ ಉತ್ತರ ಕೊಟ್ಟ ಒಂದು ಜಾಗ ಗಡಿಯಾಚೆಯ ನೆರೆಜಿಲ್ಲೆಯಲ್ಲೇ ಇದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಡಾ. ಕಸ್ತೂರಿ ಜಯಂತ್, ಡಾ. ಭಗವಾನ್ ನೇನೆ ಅದರ ಹಿಂದಿದ್ದವರು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳು ಅದರ ವ್ಯಾಪ್ತಿ. ನಗರದ ನೋಂದಣಿಯವರು ಆಸ್ಪತ್ರೆಯ ಕಡತ ತಿರುವಿದರೆ ಸಾಕು. ಇಲ್ಲಿ ರೋಗಿಗಳು ಆಸ್ಪತ್ರೆಗೇ ಹೋಗುತ್ತಿರಲಿಲ್ಲ. ಹಾಗಾಗಿ ಕಾರ್ಯಕರ್ತರು ಊರೂರಿಗೆ ಹೋಗಿ, ಹಿರಿಯರನ್ನೂ ಮಾಸ್ತರರನ್ನೂ ಮಾತಾಡಿಸಿ, ಯಾರಿಗೆ ಏನು ಲಕ್ಷಣ ಎಂದು ಕೇಳಿ, ಅವರನ್ನು ಆಸ್ಪತ್ರೆಗೆ ಕರೆತಂದರು. ಎಣಿಸುವ ಕೆಲಸವೇ ಆರೈಕೆಯ ಕೆಲಸವೂ ಆಯಿತು. ಅಲ್ಲಿನ ಹೆಂಗಸರಲ್ಲಿ ಮುಂದಿದ್ದದ್ದು ಗರ್ಭಕೊರಳಿನ ಕ್ಯಾನ್ಸರು.

ಅದರ ಮೇಲೆಯೇ 1999ರಲ್ಲಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಒಂದು ಕಾಲಕ್ಕೆ ನಮ್ಮೊಂದಿಗೇ ನಿಜಾಮರ ಕೆಳಗಿದ್ದ ಆ ಜಿಲ್ಲೆಯಲ್ಲಿ, ದೊಡ್ಡದೊಂದು ಪರೀಕ್ಷೆ ಆರಂಭವಾಯಿತು. 30ರಿಂದ 59 ವರ್ಷದ 1,31,000ಕ್ಕೂ ಹೆಚ್ಚು ಹೆಂಗಸರು. ಕೆಲವು ಊರುಗಳಲ್ಲಿ ಎಚ್‌ಪಿವಿ ವೈರಸ್ಸಿನ ಪರೀಕ್ಷೆ, ಕೆಲವಲ್ಲಿ ಪ್ಯಾಪ್ ಲೇಪನ, ಕೆಲವಲ್ಲಿ ವಿನಿಗರಿನ ಮುಖ್ಯ ಅಂಶವಾದ ಆಮ್ಲ ಸವರಿ ನೋಡುವುದು, ಕೆಲವಲ್ಲಿ ಏನೂ ಇಲ್ಲ. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎಚ್‌ಪಿವಿ ಪರೀಕ್ಷೆಯ ಊರುಗಳಲ್ಲಿ ಆ ಕ್ಯಾನ್ಸರಿನಿಂದ ಸತ್ತವರು 34, ಏನೂ ಇಲ್ಲದ ಊರುಗಳಲ್ಲಿ 64. ಆ ‘ಏನೂ ಇಲ್ಲದ’ ಊರುಗಳ ಹೆಂಗಸರ ವಿಷಯದಲ್ಲಿ ನೈತಿಕತೆಯ ತಕರಾರು ಎದ್ದಿತು, ಏಳಲೇಬೇಕಿತ್ತು ಎಂದು ನನಗೂ ಅನಿಸುತ್ತದೆ. ಫಲಿತಾಂಶ ಮಾತ್ರ ಗಟ್ಟಿ.

ಎರಡು ಅಂಗಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಗರ್ಭಕೊರಳು ಬರಿಗಣ್ಣಿಗೆ ಕಾಣುತ್ತದೆ, ಕೆಟ್ಟ ಪದರ ಆಮ್ಲ ತಾಗಿದೊಡನೆ ಬೆಳ್ಳಗಾಗುತ್ತದೆ, ಅದನ್ನು ಅಲ್ಲಿಯೇ ಹೆಪ್ಪುಗಟ್ಟಿಸಿ ತೆಗೆಯಬಹುದು, ಹೆಂಗಸು ಸಂಜೆ ಮನೆಗೆ ಹೋಗಬಹುದು. ಮೇದೋಜೀರಕದ್ದು ಬೆನ್ನಿನ ಗೋಡೆಗೆ ಅಂಟಿದ ಅಂಗ. ತಲೆಭಾಗವನ್ನು ತೆಗೆಯಬೇಕಾದರೆ ಸಣ್ಣಕರುಳಿನ ಮೊದಲ ಸುರುಳಿ, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ಎಲ್ಲವನ್ನೂ ಒಟ್ಟಿಗೆ ತೆಗೆದು ಮತ್ತೆ ಹೊಲಿಯಬೇಕು. ಅಲೆನ್ ವಿಪಲ್ 1935ರಲ್ಲಿ ವರದಿ ಮಾಡಿದ ಆ ಶಸ್ತ್ರಕ್ರಿಯೆ ಇಂದಿಗೂ ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಗಳಲ್ಲೊಂದು. ಎಪ್ಪತ್ತಾರರ ದೇಹಕ್ಕೆ ಅದು ಹಗುರದ ಮಾತಲ್ಲ. ರೋಗವಿಲ್ಲದವರಲ್ಲಿ ರೋಗ ಹುಡುಕಬೇಕಾದರೆ ಏನೇನಿರಬೇಕು ಎಂದು ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟಿದ್ದರು: ಗುರುತಿಸಬಲ್ಲ ಮುನ್ಸ್ಥಿತಿ, ಜನ ಒಪ್ಪುವ ಪರೀಕ್ಷೆ, ಒಪ್ಪಿತವಾದ ಚಿಕಿತ್ಸೆ, ಚಿಕಿತ್ಸೆ ಯಾರಿಗೆ ಎಂಬುದರ ಖಚಿತತೆ. ಉಸ್ಮಾನಾಬಾದಿನ ಹೆಂಗಸರಿಗೆ ಇವೆಲ್ಲ ಹೊಂದಿದವು. ಮಾಮನ ಸಿಸ್ಟನ್ನು ಯಾರೂ ಹುಡುಕಿರಲಿಲ್ಲ, ಹರಳು ಹುಡುಕುವಾಗ ಸಿಕ್ಕಿತು. ಹುಡುಕಿದ್ದಾದರೆ ಹುಡುಕಿದವರಿಗೆ ಒಂದು ಹೊಣೆಯಿರುತ್ತದೆ, ಮುಂದೇನೆಂದು ಹೇಳುತ್ತಾರೆ. ಸಿಕ್ಕಿದ್ದಕ್ಕೆ ವಾರಸುದಾರರಿಲ್ಲ.

ಕಲಬುರಗಿಯ ವೈದ್ಯರೊಬ್ಬರು ಕೊನೆಗೆ ಅದರ ವಾರಸಿಕೆ ವಹಿಸಿಕೊಂಡರು. ವರದಿಯ ಬೆನ್ನಿಗೆ ಪೆನ್ನಿನಲ್ಲಿ ಒಂದು ಬಳ್ಳಿ, ಅದರ ಕವಲಿಗೆ ಒಂದು ದ್ರಾಕ್ಷಿ ಬರೆದು, ‘ಇದು ನಿಮ್ದು, ಇದ್ರಾಗ ನೀರದ, ಕಾಯೋಣು’ ಎಂದರು. ಎಂಆರ್‌ಐ ಮಾಡಿಸಿದಾಗ ಕವಲುನಾಳದ್ದೇ ಎಂದಾಯಿತು. ಹೊಲ ಮಾರಲಿಲ್ಲ. ಏನೇನಾದರೆ ಓಡಿಬರಬೇಕೆಂದೂ ಅವರು ಹೇಳಿಕೊಟ್ಟರು: ಕಣ್ಣು, ಮೂತ್ರ ಹಳದಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇಲ್ಲದ ಸಕ್ಕರೆ ಕಾಯಿಲೆ ಹೊಸದಾಗಿ ಬರುವುದು ಇಲ್ಲವೇ ಹತೋಟಿಯಲ್ಲಿದ್ದ ಸಕ್ಕರೆ ಏಕಾಏಕಿ ಕೆಡುವುದು. ಈ ಕೊನೆಯದನ್ನು ನಮ್ಮ ಕಡೆ ಯಾರೂ ಗಣನೆಗೆ ತರುವುದಿಲ್ಲ. ವಯಸ್ಸಾಯಿತು, ಸಕ್ಕರೆ ಬಂತು ಅನ್ನುತ್ತಾರೆ, ಎಷ್ಟೋ ಸಲ ಅದು ಅಷ್ಟೇ ಆಗಿಯೂ ಇರುತ್ತದೆ.

‘ಕಾಯೋಣು’ ಎಂಬುದಕ್ಕೂ ಒಂದು ಚರಿತ್ರೆಯಿದೆ. 2006ರಲ್ಲಿ ಪ್ರಕಟವಾದ ಸೆಂಡಾಯ್ ಸೂತ್ರಗಳು ಮೂರು ಸೆಂಟಿಮೀಟರ್ ದಾಟಿದ ಸಿಸ್ಟಿಗೆ ಶಸ್ತ್ರಕ್ರಿಯೆ ಎಂದವು. ತೆಗೆದು ನೋಡಿದರೆ ಬಹಳಷ್ಟು ನಿರಪಾಯಿಯಾಗಿದ್ದವು. 2012ರ ಫುಕುವೋಕಾ ಸೂತ್ರಗಳು ಹಿಡಿತ ಸಡಿಲಿಸಿದವು, ಬರೀ ಗಾತ್ರ ಸಾಲದು, ಒಳಗೆ ಗಟ್ಟಿ ಗಂಟಿದೆಯೇ, ದೊಡ್ಡ ನಾಳ ಎಷ್ಟು ಉಬ್ಬಿದೆ ಎಂದು ನೋಡಿ ಎಂದವು. 2015ರಲ್ಲಿ ಅಮೆರಿಕದ ಜಠರಕರುಳು ತಜ್ಞರ ಸಂಘ ಐದು ವರ್ಷ ಬದಲಾಗದಿದ್ದರೆ ನೋಡುವುದನ್ನೇ ನಿಲ್ಲಿಸಿ ಎಂದಿತು. 2018ರಲ್ಲಿ ಯುರೋಪಿನವರು, ಶಸ್ತ್ರಕ್ರಿಯೆಗೆ ದೇಹ ತಡೆಯುವವರೆಗೂ ನೋಡುತ್ತಲೇ ಇರಿ ಎಂದರು. 2024ರ ಕ್ಯೋಟೋ ಸೂತ್ರಗಳು ಎರಡು ಸೆಂಟಿಮೀಟರಿಗಿಂತ ಚಿಕ್ಕದು ಐದು ವರ್ಷ ಹಾಗೇ ಇದ್ದರೆ ನಿಲ್ಲಿಸಬಹುದು, ಮುಂದುವರಿಸಲೂಬಹುದು ಎಂದು ಎರಡೂ ಬಾಗಿಲು ತೆರೆದಿಟ್ಟಿವೆ.

ಈ ಸೂತ್ರಗಳನ್ನು ಬರೆದವರು ಹತ್ತಿರದಲ್ಲೇ ಎಂಆರ್‌ಐ ಇದೆ, ಹಳೆಯ ಚಿತ್ರ ಕಂಪ್ಯೂಟರಿನಲ್ಲಿದೆ ಎಂದು ಎಣಿಸಿ ಬರೆದವರು. ನಮ್ಮಲ್ಲಿ ಒಂದು ವರ್ಷದ ಚಿತ್ರ ಸೊಲ್ಲಾಪುರದ್ದು, ಮರುವರ್ಷದ್ದು ಕಲಬುರಗಿಯದು, ನಡುವೆ ಮಗಳ ಮನೆಗೆ ಹೋದಾಗ ತೆಗೆಸಿದ್ದು ಹೈದರಾಬಾದಿನದು. ಸಿಸ್ಟ್ ಬೆಳೆದಿದೆಯೇ ಇಲ್ಲವೇ ಎಂದು ಹೇಳಬೇಕಾದರೆ ಮೂರನ್ನೂ ಒಟ್ಟಿಗೆ ಹಿಡಿದು ನೋಡಬೇಕು. ಮಾಮ ಆ ಫಿಲ್ಮುಗಳನ್ನು, ಸಿ.ಡಿ.ಯನ್ನು, ದ್ರಾಕ್ಷಿಯ ಚಿತ್ರವಿದ್ದ ಕಾಗದವನ್ನು ಹೊಲದ ಪಹಣಿ ಇರುವ ಟ್ರಂಕಿನಲ್ಲೇ ಇಟ್ಟಿದ್ದಾರೆ. ಕ್ಯೋಟೋದ ಐದು ವರ್ಷದ ಲೆಕ್ಕ ಹಿಡಿದರೆ ಅವರಿಗೆ ಆಗ 81. ಆಮೇಲೆಯೂ ವರ್ಷವರ್ಷ ಹೋಗಬೇಕೋ ಬೇಡವೋ ಎಂಬುದನ್ನು ಇನ್ನೂ ಯಾರೂ ಅವರನ್ನು ಕೇಳಿಲ್ಲ.